ಬ್ರೌಸರ್ ಓಡೀತು, ಹೊಣೆ ಯಾರದು?

ಕಂಪ್ಯೂಟರಿನಲ್ಲಿ ಹೊಸ ಬ್ರೌಸರ್ ಹಾಕಲು ಹೊರಟವರಿಗೆ ಒಮ್ಮೊಮ್ಮೆ ಪರದೆಯ ಮೇಲೆ ಚುಟುಕಾದ ಉತ್ತರವೊಂದು ಸಿಗುತ್ತದೆ: ಈ ಆಪರೇಟಿಂಗ್ ಸಿಸ್ಟಂಗೆ ಬೆಂಬಲವಿಲ್ಲ. ಬಹಳ ಮಂದಿ ಅಲ್ಲಿಗೇ ಕೈಬಿಡುತ್ತಾರೆ. ಯಂತ್ರ ಹಳೆಯದಾಯಿತು, ಹೊಸದು ಬೇಕು ಎನ್ನುತ್ತಾರೆ ಮಕ್ಕಳು. ನಿನ್ನೆಯವರೆಗೂ ಚೆನ್ನಾಗಿದ್ದ ಯಂತ್ರ ಇಂದು ಹೇಗೆ ಹಳೆಯದಾಯಿತು ಎಂದು ಕೇಳುತ್ತಾರೆ ತಂದೆತಾಯಿ. ಎರಡು ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ‘ಬೆಂಬಲವಿಲ್ಲ’ ಎಂದರೆ ‘ಓಡುವುದೇ ಇಲ್ಲ’ ಎಂದು ಅರ್ಥವಲ್ಲ. ಹಾಗೆಂದು, ಹೇಗೋ ಓಡಿಸಿಬಿಟ್ಟರೆ ಕೆಲಸ ಮುಗಿಯಿತು ಎಂದೂ ಅಲ್ಲ.

ಈ ಗೊಂದಲ ಎದ್ದು ಕಾಣುವುದು ಸರ್ವರ್‌ಗಳಿಗೆಂದೇ ಮಾಡಿದ ಆಪರೇಟಿಂಗ್ ಸಿಸ್ಟಂಗಳಲ್ಲಿ. ಸರ್ವರ್ ಎಂದರೆ ತನ್ನ ಮುಂದೆ ಕುಳಿತವರಿಗಿಂತ ದೂರದಲ್ಲಿ ಕುಳಿತವರಿಗಾಗಿ ಹೆಚ್ಚು ದುಡಿಯುವ ಕಂಪ್ಯೂಟರ್. ಕಾಲೇಜಿನ ಪ್ರಯೋಗಾಲಯದಲ್ಲಿ ಎಲ್ಲರ ಫೈಲುಗಳನ್ನು ಜೋಪಾನ ಮಾಡುವುದು, ಯಾರು ಯಾವ ಹೆಸರಿನಲ್ಲಿ ಒಳಗೆ ಬರಬಹುದೆಂದು ನೋಡಿಕೊಳ್ಳುವುದು, ಪ್ರಿಂಟರಿನ ಸರದಿಯನ್ನು ನಿಭಾಯಿಸುವುದು ಇಂಥವು ಅದರ ಕೆಲಸ. ಬ್ರೌಸರ್ ಹಾಗಲ್ಲ. ಅದು ಮುಂದೆ ಕುಳಿತವರ ಕಣ್ಣಿಗಾಗಿಯೇ ಇರುವ ತಂತ್ರಾಂಶ.

ಆದರೂ ಸರ್ವರ್ ವ್ಯವಸ್ಥೆಗಳು ವಿದ್ಯಾರ್ಥಿಗಳ ಕೈಗೆ ಬರುವುದುಂಟು. 2008ರಲ್ಲಿ ಮೈಕ್ರೋಸಾಫ್ಟ್ ಕಂಪನಿ ‘ಡ್ರೀಮ್‌ಸ್ಪಾರ್ಕ್’ ಎಂಬ ಯೋಜನೆಯಡಿ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಟ್ಟ ತಂತ್ರಾಂಶಗಳಲ್ಲಿ ವಿಂಡೋಸ್ ಸರ್ವರ್ 2003 ಕೂಡ ಸೇರಿತ್ತು. ಕಚೇರಿಗಳು ಹೊರಹಾಕಿದ ಯಂತ್ರಗಳು ಕಡಿಮೆ ಬೆಲೆಗೆ ಮನೆ ಸೇರುತ್ತವೆ. ನೆಟ್‌ವರ್ಕಿಂಗ್ ಕಲಿಯುವವರು ಬೇಕೆಂದೇ ಅದನ್ನು ಹಾಕಿಕೊಳ್ಳುತ್ತಾರೆ. ಒಮ್ಮೆ ಯಂತ್ರ ಶುರುವಾಯಿತೆಂದರೆ ಮೊದಲು ಬೇಕೆನಿಸುವುದು ಒಳ್ಳೆಯದೊಂದು ಬ್ರೌಸರ್. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ಒಂದೇ ಮನೆಯ ಮಕ್ಕಳು

ಮನೆಯ ವಿಂಡೋಸ್ ಬೇರೆ, ಸರ್ವರಿನ ವಿಂಡೋಸ್ ಬೇರೆ ಎಂದು ಎಲ್ಲರೂ ತಿಳಿದಿರುತ್ತಾರೆ. ಹೆಸರು ಬೇರೆ, ಪೆಟ್ಟಿಗೆ ಬೇರೆ, ಬೆಲೆಯಂತೂ ತೀರಾ ಬೇರೆ. ಆದರೆ ಒಳಗಿನ ತಿರುಳು ಬಹುಮಟ್ಟಿಗೆ ಒಂದೇ. 1993ರಲ್ಲಿ ವಿಂಡೋಸ್ ಎನ್‌ಟಿ ಮೊದಲ ಬಾರಿಗೆ ಹೊರಬಂದಾಗಲೇ ಅದಕ್ಕೆ ಎರಡು ರೂಪಗಳಿದ್ದವು. 1996ರಲ್ಲಿ ನಾಲ್ಕನೆಯ ಆವೃತ್ತಿ ಬಂದಾಗ ಈ ವಿಷಯ ದೊಡ್ಡ ಚರ್ಚೆಗೇ ಕಾರಣವಾಯಿತು. ಮಾರ್ಕ್ ರಸಿನೋವಿಚ್ ಮತ್ತು ಆಂಡ್ರ್ಯೂ ಶುಲ್‌ಮನ್ ಎಂಬ ತಜ್ಞರು ‘ವರ್ಕ್‌ಸ್ಟೇಷನ್’ ಮತ್ತು ‘ಸರ್ವರ್’ ಎಂಬ ಎರಡು ರೂಪಗಳನ್ನು ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದರು. ಎರಡರ ತಿರುಳೂ ಒಂದೇ ಆಗಿತ್ತು. ವಿಂಡೋಸ್ ತನ್ನ ಲೆಕ್ಕಪತ್ರಗಳನ್ನು ಬರೆದಿಡುವ ‘ರಿಜಿಸ್ಟ್ರಿ’ಯಲ್ಲಿನ ನಮೂದನ್ನು ಓದಿಕೊಂಡು, ತಾನು ವರ್ಕ್‌ಸ್ಟೇಷನ್ನೋ ಸರ್ವರೋ ಎಂದು ಅದು ನಿರ್ಧರಿಸುತ್ತಿತ್ತು! ಎರಡನ್ನೂ ಬೇರೆ ಬೇರೆ ಕೆಲಸಕ್ಕೆ ಹದಗೊಳಿಸಲಾಗಿದೆ ಎಂಬುದು ಕಂಪನಿಯ ವಾದವಾಗಿತ್ತು. ಅದೇ ರಸಿನೋವಿಚ್ 2006ರಲ್ಲಿ ಅದೇ ಕಂಪನಿಯನ್ನು ಸೇರಿ ಮುಂದೆ ದೊಡ್ಡ ಹುದ್ದೆಗೇರಿದ್ದು ಈ ಕಥೆಯ ಸ್ವಾರಸ್ಯ.

ಈ ಜೋಡಿ ಮುಂದೆಯೂ ಮುಂದುವರಿಯಿತು. ಸರ್ವರ್ 2003 ವಿಂಡೋಸ್ ಎಕ್ಸ್‌ಪಿಯ ಹತ್ತಿರದ ಬಂಧು. ಒಳಗಿನ ಆವೃತ್ತಿಯ ಸಂಖ್ಯೆ ಎಕ್ಸ್‌ಪಿಗೆ 5.1, ಸರ್ವರಿಗೆ 5.2. ಸರ್ವರ್ 2008 ಆರ್2 ವಿಂಡೋಸ್ 7ರ ಜೊತೆಗಾರ. ಸರ್ವರ್ 2012 ವಿಂಡೋಸ್ 8ರ ಜೊತೆಗಾರ, ಸರ್ವರ್ 2012 ಆರ್2 ವಿಂಡೋಸ್ 8.1ರದು, ಸರ್ವರ್ 2016 ವಿಂಡೋಸ್ 10ರದು. ಮನೆಯ ರೂಪದಲ್ಲಿ ಓಡುವ ಬ್ರೌಸರ್ ಅದರ ಜೊತೆಗಾರ ಸರ್ವರಿನಲ್ಲೂ ಸಾಮಾನ್ಯವಾಗಿ ಓಡುವುದು ಇದೇ ಕಾರಣಕ್ಕೆ. ಈ ಜೋಡಿಗಳನ್ನು ತಿಳಿದಿದ್ದರೆ ಅರ್ಧ ಸಮಸ್ಯೆ ಬಗೆಹರಿದಂತೆ.

ಮೊದಲ ಬ್ರೌಸರಿಗೂ ಇದೇ ತೊಡಕು

ಒಂದು ಯಂತ್ರದ ಬ್ರೌಸರ್ ಇನ್ನೊಂದರಲ್ಲಿ ಓಡದೆ ಇರುವ ತೊಡಕು ವೆಬ್‌ನಷ್ಟೇ ಹಳೆಯದು. ಜಿನೀವಾದ ‘ಸರ್ನ್’ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1990ರಲ್ಲಿ ಜಗತ್ತಿನ ಮೊದಲ ಬ್ರೌಸರನ್ನು ಬರೆದರು. ಅವರು ಬಳಸಿದ್ದು ‘ನೆಕ್ಸ್ಟ್’ ಎಂಬ ಕಂಪನಿಯ ಕಂಪ್ಯೂಟರ್. ಅದೇ ಯಂತ್ರ ಜಗತ್ತಿನ ಮೊದಲ ವೆಬ್ ಸರ್ವರೂ ಆಯಿತು. ಇದು ಸರ್ವರ್, ಇದರ ವಿದ್ಯುತ್ ತೆಗೆಯಬೇಡಿ ಎಂದು ಎಚ್ಚರಿಸುವ ಚೀಟಿಯೊಂದನ್ನು ಅವರು ಅದರ ಮೇಲೆ ಅಂಟಿಸಿದ್ದರು. ಬ್ರೌಸರ್ ಸೊಗಸಾಗಿತ್ತು, ಪುಟಗಳನ್ನು ಓದುವುದಷ್ಟೇ ಅಲ್ಲ, ತಿದ್ದಲೂ ಬರುತ್ತಿತ್ತು. ಆದರೆ ಅದು ನೆಕ್ಸ್ಟ್ ಯಂತ್ರಗಳಲ್ಲಿ ಮಾತ್ರ ಓಡುತ್ತಿತ್ತು. ಸರ್ನ್‌ನಲ್ಲಿಯೇ ಬಹುಪಾಲು ಜನರ ಬಳಿ ಇದ್ದದ್ದು ಬೇರೆ ಯಂತ್ರಗಳು.

ಇದಕ್ಕೆ ದಾರಿ ಮಾಡಿಕೊಟ್ಟವರು ಒಬ್ಬ ವಿದ್ಯಾರ್ಥಿನಿ. ಇಂಗ್ಲೆಂಡಿನ ಲೆಸ್ಟರ್ ಪಾಲಿಟೆಕ್ನಿಕ್‌ನಲ್ಲಿ ಗಣಿತ ಓದುತ್ತಿದ್ದ ನಿಕೋಲಾ ಪೆಲೋ 1990ರ ಕೊನೆಯಲ್ಲಿ ತರಬೇತಿಗೆಂದು ಸರ್ನ್‌ಗೆ ಬಂದಿದ್ದರು. ಅವರು ಬರೆದ ‘ಲೈನ್ ಮೋಡ್’ ಬ್ರೌಸರಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಕೂಡ ಬೇಕಿಲ್ಲ. ಅಕ್ಷರಗಳು ಸಾಲುಸಾಲಾಗಿ ಮೂಡುತ್ತವೆ. ಕೊಂಡಿಗಳ ಪಕ್ಕದಲ್ಲಿ ಸಂಖ್ಯೆಗಳಿರುತ್ತವೆ. ಬೇಕಾದ ಸಂಖ್ಯೆಯನ್ನು ಒತ್ತಿದರೆ ಆ ಪುಟ ಬರುತ್ತದೆ. ಎಲ್ಲ ಯಂತ್ರಗಳಲ್ಲೂ ಇರುವಷ್ಟನ್ನೇ ನಂಬಿ ಬರೆದದ್ದರಿಂದ ಅದು ಬಗೆಬಗೆಯ ಯಂತ್ರಗಳಲ್ಲಿ ಓಡಿತು. ಅಕ್ಷರಗಳನ್ನಷ್ಟೇ ತೋರಿಸುವ ಬ್ರೌಸರುಗಳ ಪರಂಪರೆ ಇಂದಿಗೂ ಇದೆ. 1992ರಲ್ಲಿ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಲಿಂಕ್ಸ್’ ಅದೇ ಬಗೆಯದು. ಕಿಟಕಿ, ಚಿತ್ರಗಳೇ ಇಲ್ಲದ ಲಿನಕ್ಸ್ ಸರ್ವರುಗಳಲ್ಲಿ ಒಂದು ಪುಟವನ್ನು ತುರ್ತಾಗಿ ಓದಬೇಕಾದಾಗ ಅದು ನೆರವಿಗೆ ಬರುತ್ತದೆ.

‘ಇಲ್ಲ’ ಎನ್ನುವುದರಲ್ಲಿ ಮೂರು ಬಗೆ

ಬ್ರೌಸರ್ ಬೇಡವೆಂದಾಗ ಅದು ಯಾವ ಬಗೆಯ ‘ಬೇಡ’ ಎಂದು ಮೊದಲು ತಿಳಿಯಬೇಕು. ರೋಗ ಗೊತ್ತಾಗದೆ ಮದ್ದು ಅರೆಯುವುದು ದಂಡ.

ಮೊದಲನೆಯದು ಬಾಗಿಲ ಕಾವಲುಗಾರನ ತಡೆ. ತಂತ್ರಾಂಶವನ್ನು ಹಾಕಿಕೊಡುವ ಪ್ರೋಗ್ರಾಂ ಮೊದಲು ಆಪರೇಟಿಂಗ್ ಸಿಸ್ಟಂನ ಆವೃತ್ತಿಯನ್ನು ಕೇಳುತ್ತದೆ. ಪಟ್ಟಿಯಲ್ಲಿ ಆ ಹೆಸರಿಲ್ಲವೇ? ಮುಂದಿನ ಮಾತಿಲ್ಲ. ಒಳಗೆ ಬಂದಿದ್ದರೆ ಬ್ರೌಸರ್ ಓಡುತ್ತಿತ್ತೋ ಇಲ್ಲವೋ ಎಂಬುದನ್ನು ಅದು ನೋಡುವುದೇ ಇಲ್ಲ. ಕಂಪನಿಯ ತೀರ್ಮಾನಕ್ಕೂ ಯಂತ್ರದ ಸಾಮರ್ಥ್ಯಕ್ಕೂ ಸಂಬಂಧವಿರಲೇಬೇಕೆಂದಿಲ್ಲ ಎನ್ನಲು ಒಂದು ನಿದರ್ಶನವಿದೆ. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ 11ನೆಯ ಆವೃತ್ತಿ 2013ರಲ್ಲಿ ಬಂದಾಗ ಹಳೆಯದಾದ ಸರ್ವರ್ 2008 ಆರ್2ಗೆ ಅದು ಸಿಕ್ಕಿತು. ಅದಕ್ಕಿಂತ ಹೊಸದಾದ ಸರ್ವರ್ 2012ಕ್ಕೆ ಸಿಗಲಿಲ್ಲ! ವಿಂಡೋಸ್ 8 ಇದ್ದವರು ಉಚಿತವಾಗಿ 8.1ಕ್ಕೆ ಹೋಗಬಹುದಾಗಿತ್ತು; ಸರ್ವರ್ ಇದ್ದವರಿಗೆ ಆ ಸೌಲಭ್ಯವಿರಲಿಲ್ಲ. ಅವರು 10ನೆಯ ಆವೃತ್ತಿಯಲ್ಲೇ ದಿನ ದೂಡಬೇಕಾಯಿತು. ಕೊನೆಗೆ 2019ರಲ್ಲಿ ಕಂಪನಿ ಸರ್ವರ್ 2012ಕ್ಕೂ 11ನೆಯ ಆವೃತ್ತಿಯನ್ನು ಕೊಟ್ಟಿತು.

ಎರಡನೆಯದು ಸಲಕರಣೆಯ ಕೊರತೆ. ಇದು ನಿಜವಾದ ತಡೆ. ಬ್ರೌಸರ್ ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಫೈಲು ತೆರೆಯಲು, ಪರದೆಯ ಮೇಲೆ ಬರೆಯಲು, ನೆನಪಿನಲ್ಲಿ ಜಾಗ ಪಡೆಯಲು ಆಪರೇಟಿಂಗ್ ಸಿಸ್ಟಂನ ನೂರಾರು ಸಿದ್ಧ ಸಲಕರಣೆಗಳನ್ನು ಹೆಸರು ಹಿಡಿದು ಕರೆಯುತ್ತದೆ. ಹೊಸ ವಿಂಡೋಸ್‌ನಲ್ಲಿ ಸೇರಿಸಿದ ಸಲಕರಣೆಯೊಂದನ್ನು ಹಳೆಯ ವಿಂಡೋಸ್‌ನಲ್ಲಿ ಕರೆದರೆ ಓಗೊಡುವವರಾರು? ಆಗ, ಕರೆದ ಹೆಸರು ‘ಕರ್ನೆಲ್32’ ಎಂಬ ಫೈಲಿನಲ್ಲಿ ಸಿಗಲಿಲ್ಲ ಎಂಬಂಥ ಸಂದೇಶ ಮೂಡಿ ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತದೆ. 2011ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 9 ಎಕ್ಸ್‌ಪಿಗಾಗಲೀ ಸರ್ವರ್ 2003ಕ್ಕಾಗಲೀ ಬರಲಿಲ್ಲ. ಅದು ಚಿತ್ರ ಬಿಡಿಸಲು ನೆಚ್ಚಿಕೊಂಡಿದ್ದ ಹೊಸ ವ್ಯವಸ್ಥೆ ಅವುಗಳಲ್ಲಿ ಇರಲಿಲ್ಲ. ಸಲಕರಣೆ ಪ್ರೊಸೆಸರಿನಲ್ಲೇ ಇಲ್ಲದಿರುವುದೂ ಉಂಟು. 2021ರಲ್ಲಿ ಬಂದ ಕ್ರೋಮ್ 89ರಿಂದ ಮುಂದಕ್ಕೆ ‘ಎಸ್‌ಎಸ್‌ಇ3’ ಎಂಬ ಆಜ್ಞೆಗಳ ಗುಂಪು ಇಲ್ಲದ ಹಳೆಯ ಪ್ರೊಸೆಸರುಗಳಲ್ಲಿ ಅದು ಓಡುವುದಿಲ್ಲ.

ಮೂರನೆಯದು ದಾರಿಯೇ ಇಲ್ಲದಿರುವುದು. ವಿಂಡೋಸ್ 10ರ ಜೊತೆಗೆ 2015ರಲ್ಲಿ ಬಂದ ಮೊದಲ ‘ಎಡ್ಜ್’ ಬ್ರೌಸರ್ ಆ ವ್ಯವಸ್ಥೆಯ ಒಂದು ಅಂಗವಾಗಿತ್ತು; ಪ್ರತ್ಯೇಕವಾಗಿ ತಂದು ಹಾಕುವ ಪೊಟ್ಟಣ ಅದಕ್ಕಿರಲಿಲ್ಲ. ಸರ್ವರ್ 2016ರಲ್ಲಿ ಎಡ್ಜ್ ಇರಲಿಲ್ಲ, ವಿಂಡೋಸ್‌ನ ತಂತ್ರಾಂಶ ಮಳಿಗೆಯೂ ಇರಲಿಲ್ಲ. ಹೊಸ ಬಗೆಯ ಎಡ್ಜ್ 2020ರ ಜನವರಿಯಲ್ಲಿ ಪ್ರತ್ಯೇಕ ಪೊಟ್ಟಣವಾಗಿ ಹೊರಬಂದ ಮೇಲೆ ಸರ್ವರುಗಳಿಗೂ ಅದನ್ನು ಹಾಕುವುದು ಸಾಧ್ಯವಾಯಿತು. ಸರ್ವರ್ 2022ರಲ್ಲಂತೂ ಅದು ಹುಟ್ಟಿನಿಂದಲೇ ಇದೆ.

ಒಳಗೆ ಬಂದ ಮೇಲೂ ತೊಂದರೆ

ಬ್ರೌಸರ್ ತೆರೆದುಕೊಂಡಿತು ಎಂದು ಹಿಗ್ಗುವ ಹೊತ್ತಿಗೆ ಇನ್ನೊಂದು ಅಡ್ಡಿ ಎದುರಾಗುತ್ತದೆ. ಹಳೆಯ ಸರ್ವರಿನಲ್ಲಿ ಅನೇಕ ತಾಣಗಳು ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂದು ಹಿಂದೆ ಸರಿಯುತ್ತವೆ. ಇಂದಿನ ತಾಣಗಳು ಗುಪ್ತಲಿಪಿಯಲ್ಲಿ ಮಾತಾಡುತ್ತವೆ. ಆ ಲಿಪಿಯ ಹಳೆಯ ಕ್ರಮಗಳನ್ನು ಪ್ರಮುಖ ಬ್ರೌಸರುಗಳು 2020ರ ಸುಮಾರಿಗೆ ಕೈಬಿಟ್ಟವು. ತಾಣ ಅಸಲಿಯೇ ಎಂದು ಸಾರುವ ಪ್ರಮಾಣಪತ್ರಗಳಿಗೂ ಅವಧಿಯಿದೆ. ಬಹಳಷ್ಟು ತಾಣಗಳು ನೆಚ್ಚಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿದಾಗ ಹಳೆಯ ಯಂತ್ರಗಳು, ಫೋನುಗಳು ಒಮ್ಮೆಲೇ ಪುಟಗಳನ್ನು ತೆರೆಯಲಾರದೆ ಹೋದವು. ಫೈರ್‌ಫಾಕ್ಸ್‌ನ ಹೆಚ್ಚುಗಾರಿಕೆ ಇಲ್ಲಿದೆ. ಅದು ಗುಪ್ತಲಿಪಿಯ ಸಲಕರಣೆಯನ್ನೂ ಪ್ರಮಾಣಪತ್ರಗಳ ಪಟ್ಟಿಯನ್ನೂ ತನ್ನ ಜೋಳಿಗೆಯಲ್ಲೇ ತರುತ್ತದೆ; ಆಪರೇಟಿಂಗ್ ಸಿಸ್ಟಂನ ಪಟ್ಟಿ ಹಳೆಯದಾಗಿದ್ದರೂ ಅದರ ಕೆಲಸ ನಡೆಯುತ್ತದೆ.

ಕನ್ನಡ ಓದುವವರಿಗೆ ಮತ್ತೊಂದು ತೊಡಕು. ವಿಂಡೋಸ್‌ಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಿಂದ, ‘ತುಂಗಾ’ ಎಂಬ ಅಕ್ಷರರೂಪದೊಂದಿಗೆ. ಎಕ್ಸ್‌ಪಿಯಲ್ಲೂ ಸರ್ವರ್ 2003ರಲ್ಲೂ ಭಾಷೆಗಳ ವಿಭಾಗಕ್ಕೆ ಹೋಗಿ ಸಂಕೀರ್ಣ ಲಿಪಿಗಳ ಫೈಲುಗಳು ಬೇಕೆಂದು ಗುರುತು ಹಾಕಬೇಕಿತ್ತು. ಅದನ್ನು ಮಾಡದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಇಲ್ಲವೇ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತವೆ. ದೋಷ ಬ್ರೌಸರಿನದೆಂದು ಎಷ್ಟೋ ಮಂದಿ ಅದನ್ನು ತೆಗೆದು ಮತ್ತೆ ಹಾಕುತ್ತಾ ಕೂರುತ್ತಾರೆ.

ಪ್ರಯತ್ನಿಸುವ ಕ್ರಮ

ಹಾಗಾದರೆ ಇಂಥ ಯಂತ್ರದ ಮುಂದೆ ಕುಳಿತ ವಿದ್ಯಾರ್ಥಿ ಏನು ಮಾಡಬೇಕು? ಮೊದಲು ತನ್ನ ಸರ್ವರಿನ ಜೊತೆಗಾರ ಯಾರೆಂದು ನೋಡಬೇಕು. ಆಮೇಲೆ ಆ ಜೊತೆಗಾರನಿಗೆ ಸಿಕ್ಕ ಕೊನೆಯ ಬ್ರೌಸರ್ ಯಾವುದೆಂದು ತಿಳಿಯಬೇಕು. ಎಕ್ಸ್‌ಪಿಯ ತಲೆಮಾರಿಗೆ ಕ್ರೋಮ್‌ನಲ್ಲಿ 49ನೆಯದು, ಫೈರ್‌ಫಾಕ್ಸ್‌ನಲ್ಲಿ 52ನೆಯ ದೀರ್ಘಾವಧಿ ಆವೃತ್ತಿ ಕೊನೆಯವು. ವಿಂಡೋಸ್ 7ರಿಂದ 8.1ರವರೆಗಿನ ತಲೆಮಾರಿಗೆ ಕ್ರೋಮ್ 109, ಫೈರ್‌ಫಾಕ್ಸ್ 115ರ ದೀರ್ಘಾವಧಿ ಆವೃತ್ತಿ. ಕ್ರೋಮ್ 110 ಬಂದದ್ದು 2023ರ ಫೆಬ್ರುವರಿಯಲ್ಲಿ. ಅದಕ್ಕೆ ಕನಿಷ್ಠ ವಿಂಡೋಸ್ 10 ಬೇಕು. ಸರ್ವರ್ 2012ರ ಬಳಕೆದಾರರಿಗಾಗಿ ಗೂಗಲ್ ಕಂಪನಿ 109ನೆಯ ಆವೃತ್ತಿಗೆ 2023ರ ಅಕ್ಟೋಬರ್ 10ರವರೆಗೆ ಅತ್ಯಗತ್ಯ ದುರಸ್ತಿಗಳನ್ನು ಒದಗಿಸಿತು. ಸರ್ವರ್ 2012ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತದ್ದೂ ಅದೇ ದಿನ.

ಮುಂದಿನ ಹೆಜ್ಜೆ ಮುಕ್ತ ತಂತ್ರಾಂಶಗಳದು. ನೆಟ್‌ಸ್ಕೇಪ್ ಕಂಪನಿ 1998ರಲ್ಲಿ ತನ್ನ ಬ್ರೌಸರಿನ ಮೂಲ ಬರಹವನ್ನು ಎಲ್ಲರಿಗೂ ತೆರೆದಿಟ್ಟಿತು. ಫೈರ್‌ಫಾಕ್ಸ್ ಹುಟ್ಟಿದ್ದು ಅದರಿಂದ. ಕ್ರೋಮ್‌ನ ಬುನಾದಿಯಾದ ‘ಕ್ರೋಮಿಯಂ’ 2008ರಿಂದ ಮುಕ್ತವಾಗಿದೆ. ಮೂಲ ಬರಹ ಕೈಗೆ ಸಿಕ್ಕಿದ್ದರಿಂದ ಆಸಕ್ತರು, ಹಳೆಯ ವಿಂಡೋಸ್‌ನಲ್ಲಿ ಇಲ್ಲದ ಸಲಕರಣೆಗಳಿಗೆ ತಾವೇ ಬದಲಿ ಬರೆದು, ಹೊಸ ಬ್ರೌಸರನ್ನು ಹಳೆಯ ಯಂತ್ರಕ್ಕೆ ಒಗ್ಗಿಸಿದ್ದಾರೆ. ಎಕ್ಸ್‌ಪಿ, ಸರ್ವರ್ 2003ರಂಥ ವ್ಯವಸ್ಥೆಗಳಿಗೂ ಕ್ರೋಮಿಯಂ ಅನ್ನು ತಂದ ‘ಸೂಪರ್‌ಮಿಯಂ’ ಇಂಥದ್ದೊಂದು. ಕಲಿಯುವ ಮನಸ್ಸಿದ್ದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಬ್ರೌಸರನ್ನು ಇಳಿಸಿಕೊಳ್ಳಲು ಸರ್ವರನ್ನೇ ಬಳಸದಿರುವುದು ಮೇಲು. ಇನ್ನೊಂದು ಯಂತ್ರದಲ್ಲಿ, ತಯಾರಿಸಿದವರ ಸ್ವಂತ ತಾಣದಿಂದಲೇ ಇಳಿಸಿ, ಫೈಲಿಗೆ ಅವರ ಡಿಜಿಟಲ್ ಸಹಿ ಇದ್ದರೆ ಪರೀಕ್ಷಿಸಿ, ಪೆನ್‌ಡ್ರೈವ್‌ನಲ್ಲಿ ತರಬೇಕು. ‘ಹಳೆಯ ವಿಂಡೋಸ್‌ಗೆ ಹೊಸ ಬ್ರೌಸರ್’ ಎಂದು ಕೂಗಿ ಕರೆಯುವ ಅಪರಿಚಿತ ತಾಣಗಳಲ್ಲಿ ಬ್ರೌಸರಿನ ಜೊತೆ ಇನ್ನೇನು ಸಿಗುತ್ತದೆಂದು ಹೇಳಲಾಗದು.

ಹೊಣೆಯ ಲೆಕ್ಕ

ಈಗ ಮೂಲ ಪ್ರಶ್ನೆಗೆ ಬರೋಣ. ಬ್ರೌಸರ್ ಓಡಿತು, ಆದರೆ ‘ಬೆಂಬಲವಿಲ್ಲ’ ಎಂಬ ಮಾತು ಹಾಗೆಯೇ ಉಳಿಯಿತು. ಬೆಂಬಲ ಎಂದರೆ ಒಂದು ವಾಗ್ದಾನ. ಹೊಸ ಬಿರುಕು ಕಂಡಾಗ ಮುಚ್ಚುತ್ತೇವೆ, ಮುಚ್ಚುವ ಮುನ್ನ ನಿಮ್ಮಂಥ ಯಂತ್ರದಲ್ಲಿ ಪರೀಕ್ಷಿಸುತ್ತೇವೆ ಎಂಬ ಮಾತು. ಎಲ್ಲ ತಂತ್ರಾಂಶಗಳ ಪೈಕಿ ಈ ಮಾತು ಅತಿ ಮುಖ್ಯವಾಗುವುದು ಬ್ರೌಸರಿಗೆ. ಯಾರೋ ಎಲ್ಲಿಯೋ ಬರೆದಿಟ್ಟ ಪ್ರೋಗ್ರಾಂ ತುಣುಕುಗಳನ್ನು ದಿನವಿಡೀ ಮನೆಯೊಳಗೆ ತಂದು ಓಡಿಸುವುದೇ ಅದರ ಕಸುಬು. ಅಪಾಯದ ತುಣುಕು ಹೊರಗೆ ಹರಿದಾಡದಂತೆ ಅದು ಒಂದು ಗೂಡು ಕಟ್ಟಿ ಒಳಗೇ ಇಡುತ್ತದೆ. ಆ ಗೂಡಿನ ಗೋಡೆಗಳಿಗೆ ಆಧಾರ ಆಪರೇಟಿಂಗ್ ಸಿಸ್ಟಂನ ಭದ್ರತಾ ವ್ಯವಸ್ಥೆ. ಆಧಾರ ಹಳೆಯದಾಗಿ ಬಿರುಕು ಬಿಟ್ಟಿದ್ದರೆ ಮೇಲಿನ ಗೋಡೆ ಹೊಸದಾಗಿದ್ದೂ ಪ್ರಯೋಜನ ಅಷ್ಟಕ್ಕಷ್ಟೆ. ಸರ್ವರ್ 2003ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತದ್ದು 2015ರ ಜುಲೈ 14ರಂದು. ಅಲ್ಲಿಂದೀಚೆಗೆ ಕಂಡ ಬಿರುಕುಗಳನ್ನು ಯಾವ ಹೊಸ ಬ್ರೌಸರೂ ಮುಚ್ಚಿಕೊಡಲಾರದು.

ಸರ್ವರಿನಲ್ಲಿ ಅಪಾಯ ಇನ್ನೂ ಒಂದು ಕೈ ಹೆಚ್ಚು. ಮನೆಯ ಕಂಪ್ಯೂಟರ್ ಕೆಟ್ಟರೆ ಒಂದು ಮನೆಯ ಫೈಲುಗಳು ಹೋದಾವು. ಕಾಲೇಜಿನ ಸರ್ವರ್ ಕೆಟ್ಟರೆ ಎಲ್ಲರವೂ ಹೋಗುತ್ತವೆ. ಅದರ ಮುಂದೆ ಕೂರುವವರು ಸಾಮಾನ್ಯವಾಗಿ ಎಲ್ಲ ಅಧಿಕಾರವಿರುವ ‘ಅಡ್ಮಿನಿಸ್ಟ್ರೇಟರ್’ ಹೆಸರಿನಲ್ಲೇ ಕೂರುತ್ತಾರೆ. ಬ್ರೌಸರಿನ ಮೂಲಕ ನುಗ್ಗಿದ ಕೇಡಿಗೂ ಅದೇ ಅಧಿಕಾರ ಸಿಗುತ್ತದೆ. ಈ ಕಾರಣಕ್ಕೇ ಸರ್ವರ್ 2003ರಿಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಬಿಗಿಯಾದ ಕಡಿವಾಣ ಹಾಕಿ ಕೊಡಲಾಯಿತು. ಪ್ರತಿ ತಾಣಕ್ಕೂ ಅಪ್ಪಣೆ ಕೇಳುವ ಆ ಕಿರಿಕಿರಿಗೆ ಬೇಸತ್ತು ಎಷ್ಟೋ ಮಂದಿ ಅದನ್ನು ಆರಿಸಿಬಿಡುತ್ತಾರೆ. ಅದು ಇದ್ದದ್ದು ಪೀಡಿಸಲಿಕ್ಕಲ್ಲ. ಸರ್ವರಿನಲ್ಲಿ ಕುಳಿತು ವೆಬ್ ನೋಡಬೇಡಿ ಎಂದು ಹೇಳಲಿಕ್ಕೆ. 2008ರಿಂದ ಕಿಟಕಿಗಳೇ ಇಲ್ಲದ ‘ಸರ್ವರ್ ಕೋರ್’ ರೂಪವೂ ಬಂತು. ಯಂತ್ರದಲ್ಲಿ ಏನು ಕಡಿಮೆಯೋ ಅದು ಕೆಡುವ ಭಯವೂ ಕಡಿಮೆ ಎಂಬುದು ಅದರ ಹಿಂದಿನ ತರ್ಕ.

ಮನೆಯಲ್ಲಿ ಮಾಡಬಹುದಾದದ್ದು

ತಂದೆತಾಯಿ ‘ಇದು ಓಡುತ್ತದೆಯೇ?’ ಎಂದು ಕೇಳುವ ಬದಲು ‘ಇದರಲ್ಲಿ ಏನು ಕೆಲಸ ಮಾಡುತ್ತೀರಿ?’ ಎಂದು ಕೇಳುವುದು ಒಳಿತು. ಕಲಿಯಲೆಂದು ಬೇರೆಯಾಗಿ ಇಟ್ಟ ಯಂತ್ರವಾದರೆ ಮಕ್ಕಳು ಎಷ್ಟು ಬೇಕಾದರೂ ಬಿಚ್ಚಿ ಜೋಡಿಸಲಿ. ಕೆಟ್ಟರೆ ಮತ್ತೆ ಹಾಕಿದರಾಯಿತು. ಕಲಿಕೆಗೆ ಇನ್ನೂ ಒಳ್ಳೆಯ ಉಪಾಯ ‘ವರ್ಚುವಲ್ ಯಂತ್ರ’. ಬೆಂಬಲವಿರುವ ಹೊಸ ವ್ಯವಸ್ಥೆಯೊಳಗೆ ಹಳೆಯ ಸರ್ವರನ್ನು ಒಂದು ಪ್ರೋಗ್ರಾಂನಂತೆ ಓಡಿಸಿ, ಪ್ರಯೋಗ ಮುಗಿದ ಮೇಲೆ ಅಳಿಸಿಹಾಕಬಹುದು.

ಆದರೆ ಪ್ರವೇಶ ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕಿನ ವ್ಯವಹಾರ ಇವಕ್ಕೆ ಆ ಯಂತ್ರ ಬೇಡ. ಅಲ್ಲಿ ಒತ್ತಿದ ಒಂದು ಪಾಸ್‌ವರ್ಡ್ ಯಾರ ಕೈ ಸೇರೀತೆಂದು ಹೇಳುವವರಿಲ್ಲ. ಇರುವುದು ಅದೊಂದೇ ಯಂತ್ರವಾಗಿದ್ದು, ಅದರ ಪ್ರೊಸೆಸರ್ 64 ಬಿಟ್‌ನದಾಗಿದ್ದರೆ, ಹೊಸದು ಕೊಳ್ಳುವ ಮುನ್ನ ಬೆಂಬಲವಿರುವ ಹಗುರವಾದ ಲಿನಕ್ಸ್ ಒಂದನ್ನು ಹಾಕಿ ನೋಡಬಹುದು. ಅದು ಉಚಿತ, ಅದಕ್ಕೆ ಹೊಂದುವ ಹೊಸ ಫೈರ್‌ಫಾಕ್ಸ್ ಕೂಡ ಉಚಿತ. ತಂದೆಯ ಮಾತೂ ಉಳಿಯುತ್ತದೆ, ಮಗಳ ಅರ್ಜಿಯೂ ಸುರಕ್ಷಿತವಾಗಿ ಹೋಗುತ್ತದೆ.

ಕಾಲೇಜಿನ ಸರ್ವರಿನ ವಿಷಯದಲ್ಲಿ ಅನುಮತಿ ಕೇಳದೆ ಏನನ್ನೂ ಹಾಕಬಾರದು. ಓದಬೇಕಾದ ಪುಟವನ್ನು ಪಕ್ಕದ ಯಂತ್ರದಲ್ಲಿ ಓದಿ, ಬೇಕಾದ ಫೈಲನ್ನಷ್ಟೇ ಸರ್ವರಿಗೆ ತಂದರೆ ಸಾಕು. ಇನ್ನು ಮನೆಯ ಪ್ರಯೋಗದ ಯಂತ್ರಕ್ಕೆ ಟಿಮ್ ಬರ್ನರ್ಸ್-ಲೀ ಅಂಟಿಸಿದಂಥ ಒಂದು ಚೀಟಿ ಇರಲಿ. ಅದರಲ್ಲಿ ಎರಡೇ ಸಾಲು ಸಾಕು: ಈ ಯಂತ್ರದ ಬೆಂಬಲ ನಿಂತ ದಿನಾಂಕ ಒಂದು, ಇಲ್ಲಿ ಪಾಸ್‌ವರ್ಡ್ ಒತ್ತಬೇಡಿ ಎಂಬುದು ಇನ್ನೊಂದು.